ಎಳೆಯುವ ಬಲವೊಂದೇ ಸಾಲದು

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸಗೆಯ ರಜೆ ಬಂದಿತೆಂದರೆ ಸಹಸ್ರಾರು ಕುಟುಂಬಗಳು ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಹೊರಡುತ್ತವೆ. ಹಾಸಿಗೆ, ಒಲೆ, ನೀರಿನ ತೊಟ್ಟಿಗಳನ್ನು ಒಳಗೊಂಡ, ಚಕ್ರಗಳ ಮೇಲಿನ ಪುಟ್ಟ ಮನೆಯಂತಿರುವ ಟ್ರೇಲರನ್ನು ಪಿಕಪ್ ಟ್ರಕ್ಕಿನ ಹಿಂದೆ ಕೊಂಡಿ ಹಾಕಿ, ಕಾಡು ಬೆಟ್ಟಗಳ ನಡುವಣ ಶಿಬಿರತಾಣಗಳಿಗೆ ಎಳೆದೊಯ್ಯುವುದು ಅಲ್ಲಿನವರಿಗೆ ಬಲು ಪ್ರಿಯವಾದ ವಿಹಾರ. ಇದಕ್ಕೆಂದು ಟ್ರಕ್ಕನ್ನು ಕೊಳ್ಳಹೊರಟವನು ಮೊದಲು ಕೇಳುವುದು, ‘ಇದು ಎಷ್ಟು ಭಾರವನ್ನು ಎಳೆಯಬಲ್ಲುದು?’ ಎಂದು. ಜಾಹೀರಾತುಗಳೂ ಆ ಅಂಕಿಯನ್ನೇ ದಪ್ಪಕ್ಷರಗಳಲ್ಲಿ ಸಾರುತ್ತವೆ. ಪ್ರಶ್ನೆ ತಪ್ಪಲ್ಲ, ಆದರೆ ಅದು ಮೊದಲನೆಯ ಪ್ರಶ್ನೆಯಾಗಬಾರದೆಂಬುದು ನಮ್ಮ ಅಭಿಪ್ರಾಯ. ಎಳೆಯುವುದು ಇಂದಿನ ಎಂಜಿನುಗಳಿಗೆ ದೊಡ್ಡ ಮಾತಲ್ಲ. ಹೊರುವುದು, ಹಿಡಿತದಲ್ಲಿಡುವುದು, ನಿಲ್ಲಿಸುವುದು—ಕಷ್ಟವಿರುವುದು ಇವುಗಳಲ್ಲಿ.

ಎತ್ತಿನ ಗಾಡಿಯನ್ನು ಹೇರುವ ನಮ್ಮ ರೈತನಿಗೆ ಈ ವಿಷಯ ಹೊಸದಲ್ಲ. ಗಾಡಿ ಹಿಂಭಾರವಾದರೆ ನೊಗ ಮೇಲಕ್ಕೇಳುತ್ತದೆ. ಮುಂಭಾರವಾದರೆ ಎತ್ತುಗಳ ಹೆಗಲು ನೋಯುತ್ತದೆ. ಟ್ರೇಲರಿಗೂ ಗಾಡಿಯಂತೆಯೇ ಮೂಕಿಯುಂಟು. ಅದರ ತುದಿ ಟ್ರಕ್ಕಿನ ಹಿಂಬದಿಯ ಕಬ್ಬಿಣದ ಗುಂಡಿನ ಮೇಲೆ ಕೂಡುತ್ತದೆ. ಟ್ರೇಲರಿನ ಒಟ್ಟು ಭಾರದಲ್ಲಿ ನೂರಕ್ಕೆ 10ರಿಂದ 15 ಪಾಲು ಆ ಗುಂಡಿನ ಮೇಲೆ ಬೀಳತಕ್ಕದ್ದು ಎಂಬುದು ಅನುಭವದಿಂದ ನಿಂತ ನಿಯಮ. ಇದನ್ನು ನಾವು ಮೂಕಿಭಾರವೆಂದು ಕರೆಯೋಣ. ಈ ಭಾರವನ್ನು ಟ್ರಕ್ಕು ಎಳೆಯುವುದಿಲ್ಲ, ಹೊರುತ್ತದೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಸಾಮಾನು, ನೀರು ತುಂಬಿದ ಟ್ರೇಲರಿನ ಭಾರ 3,000 ಕಿಲೋಗ್ರಾಂ ಎಂದಿಟ್ಟುಕೊಳ್ಳಿರಿ. ಜಾಹೀರಾತಿನ ಪ್ರಕಾರ ನಮ್ಮ ಟ್ರಕ್ಕು 4,500 ಕಿಲೋಗ್ರಾಂ ಎಳೆಯಬಲ್ಲುದು. ಸಾಕಷ್ಟಾಯಿತಲ್ಲ ಎನಿಸಬಹುದು. ಆದರೆ ಚಾಲಕನ ಬಾಗಿಲ ಬಳಿ ಅಂಟಿಸಿರುವ ಚೀಟಿಯನ್ನು ಓದಿರಿ: ಜನ ಮತ್ತು ಸರಕು ಕೂಡಿ 700 ಕಿಲೋಗ್ರಾಂ ಮೀರಕೂಡದೆಂದು ಅದರಲ್ಲಿದೆ. ಮೂಕಿಭಾರ ಎಂಟರಲ್ಲೊಂದು ಪಾಲೆಂದರೂ 375. ನಾಲ್ವರ ಕುಟುಂಬಕ್ಕೆ 280. ಟ್ರಕ್ಕಿನಲ್ಲಿರಿಸಿದ ಸೌದೆ, ಸೈಕಲ್ಲುಗಳಿಗೆ 100. ಕೊಂಡಿಯ ಸಲಕರಣೆಗೆ 40. ಒಟ್ಟು 795! ಎಳೆಯುವ ಮಿತಿಯಲ್ಲಿ ಇನ್ನೂ 1,500 ಕಿಲೋಗ್ರಾಂ ಉಳಿದಿರುವಾಗಲೇ ಹೊರುವ ಮಿತಿ ಮೀರಿಹೋಯಿತು.

ಹಾಗಾದರೆ ಜಾಹೀರಾತು ಸುಳ್ಳೇ? ಅಲ್ಲ. ಹಿಂದೆ ಒಂದೊಂದು ಕಂಪೆನಿಯೂ ತನಗೆ ತೋಚಿದ ರೀತಿಯಲ್ಲಿ ಈ ಅಂಕಿಯನ್ನು ನಿರ್ಧರಿಸುತ್ತಿದ್ದುದುಂಟು. 2008ರಲ್ಲಿ ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆಯು ಜೆ 2807 ಎಂಬ ಸಾಮಾನ್ಯ ಮಾನಕವನ್ನು ಹೊರಡಿಸಿತು. ಅರಿಜೋನ ರಾಜ್ಯದ ಡೇವಿಸ್ ಅಣೆಕಟ್ಟಿನ ಸಮೀಪದ ಸುಮಾರು 18 ಕಿಲೋಮೀಟರ್ ಉದ್ದದ ಏರುದಾರಿಯನ್ನು, ಸುಡುಬಿಸಿಲಿನಲ್ಲಿ, ನಿಗದಿಯಾದ ವೇಗಕ್ಕಿಂತ ಕಡಿಮೆಯಾಗದಂತೆ ಹತ್ತುವುದು ಅದರ ಪರೀಕ್ಷೆಗಳಲ್ಲೊಂದು. ಇದು ಮೆಚ್ಚತಕ್ಕ ಸುಧಾರಣೆ. ಆದರೆ ಅಲ್ಲಿ ಟ್ರಕ್ಕಿನಲ್ಲಿ ಕುಳಿತವರೆಂದು ಎಣಿಸುವುದು ತಲಾ ಸುಮಾರು 68 ಕಿಲೋಗ್ರಾಂ ತೂಗುವ ಇಬ್ಬರನ್ನು ಮಾತ್ರ. ಮಕ್ಕಳೂ ಸೌದೆಯೂ ಸೈಕಲ್ಲುಗಳೂ ಆ ಲೆಕ್ಕದಲ್ಲಿಲ್ಲ. ಅಂಕಿ ನಿಜ, ಅದು ನಮ್ಮ ಕುಟುಂಬದ ಪ್ರಯಾಣದ ಅಂಕಿಯಲ್ಲ, ಅಷ್ಟೆ.

ಮಿತಿ ಮೀರಿದರೆ ಆಗುವುದೇನು? ಸನ್ನೆಗೋಲಿನ ಪಾಠವನ್ನು ನೆನೆಯಿರಿ. ಟ್ರಕ್ಕಿನ ಎರಡು ಅಚ್ಚುಗಳ ನಡುವಣ ದೂರ 3.7 ಮೀಟರ್, ಹಿಂದಿನ ಅಚ್ಚಿನಿಂದ ಗುಂಡಿಗೆ 1.2 ಮೀಟರ್ ಎನ್ನೋಣ. ಗುಂಡಿನ ಮೇಲೆ 375 ಕಿಲೋಗ್ರಾಂ ಬಿದ್ದರೆ ಹಿಂದಿನ ಅಚ್ಚಿನ ಮೇಲೆ ಹೆಚ್ಚುವ ಭಾರ 375 ಅಲ್ಲ, ಸುಮಾರು 497. ಮುಂದಿನ ಅಚ್ಚಿನಿಂದ ಸುಮಾರು 122 ಕಿಲೋಗ್ರಾಂ ಎತ್ತಿದಂತಾಗುತ್ತದೆ. ದಿಕ್ಕನ್ನು ತಿರುಗಿಸುವ ಚಕ್ರಗಳೇ ಹಗುರವಾದರೆ ಚಾಲಕನ ಹಿಡಿತ ಸಡಿಲುವುದು ಸಹಜ. ಈ ಭಾರದ ಒಂದು ಪಾಲನ್ನು ಮತ್ತೆ ಮುಂದಕ್ಕೆ ಹಂಚುವ ವಿಶೇಷ ಕೊಂಡಿಗಳುಂಟು. ಅವು ಮುಂದಿನ ಚಕ್ರಗಳಿಗೆ ನೆರವಾಗುತ್ತವೆ, ಟ್ರಕ್ಕು ಹೊರುವ ಮಿತಿಯನ್ನು ಮಾತ್ರ ಹೆಚ್ಚಿಸಲಾರವು.

ಹಾಗೆಂದು ಸಾಮಾನನ್ನು ಟ್ರೇಲರಿನ ಹಿಂಭಾಗಕ್ಕೆ ಸರಿಸಿ ಮೂಕಿಭಾರವನ್ನು ತಗ್ಗಿಸಹೊರಟರೆ ಇನ್ನೂ ದೊಡ್ಡ ಗಂಡಾಂತರ. ಆಗ ಗಾಳಿ ಬೀಸಿದಾಗ, ಇಲ್ಲವೆ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ, ಟ್ರೇಲರು ಬಾಲದಂತೆ ಅತ್ತಿತ್ತ ಬೀಸತೊಡಗುತ್ತದೆ. ಒಂದು ವೇಗದವರೆಗೆ ಈ ಓಲಾಟ ತಾನಾಗಿ ಅಡಗುತ್ತದೆ. ಆ ವೇಗವನ್ನು ಮೀರಿದರೆ ಪ್ರತಿಯೊಂದು ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗಿ, ಕೊನೆಗೆ ಟ್ರಕ್ಕನ್ನೂ ಉರುಳಿಸಬಹುದು.

ಇನ್ನು ನಿಲ್ಲಿಸುವ ಮಾತು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 90 ಕಿಲೋಮೀಟರಿನಿಂದ 110ಕ್ಕೆ ಹೋದರೆ ಬ್ರೇಕುಗಳು ಅಡಗಿಸಬೇಕಾದ ಶಕ್ತಿ ಸುಮಾರು ಒಂದೂವರೆ ಪಟ್ಟಾಗುತ್ತದೆ. ಅಲ್ಲಿನ ಅನೇಕ ರಾಜ್ಯಗಳು ಸುಮಾರು 1,360 ಕಿಲೋಗ್ರಾಮಿಗಿಂತ ಭಾರವಾದ ಟ್ರೇಲರಿಗೆ ತನ್ನದೇ ಬ್ರೇಕು ಇರಬೇಕೆಂದು ವಿಧಿಸಿರುವುದು ಇದಕ್ಕಾಗಿಯೇ.

‘ಎಲ್ಲಕ್ಕಿಂತ ದೊಡ್ಡ ಟ್ರಕ್ಕನ್ನು ಕೊಂಡರಾಯಿತಲ್ಲ!’ ಎನ್ನುವವರಿದ್ದಾರೆ. ದೊಡ್ಡ ಟ್ರಕ್ಕು ಹೆಚ್ಚು ಹೊರುತ್ತದೆ, ನಿಜ. ಆದರೆ ತಪ್ಪಾಗಿ ಹೇರಿದ ಟ್ರೇಲರನ್ನೂ ಮಿತಿಮೀರಿದ ವೇಗವನ್ನೂ ಅದು ಸರಿಪಡಿಸಲಾರದು. ನಮ್ಮ ಸಲಹೆ ಬೇರೆ. ಮೊದಲು ಟ್ರೇಲರನ್ನು ಗೊತ್ತುಮಾಡಿರಿ. ಅದರ ಬರಿದಾದ ಭಾರವನ್ನು ನಂಬದೆ, ತುಂಬಿದಾಗಿನ ಗರಿಷ್ಠ ಭಾರವನ್ನು ಹಿಡಿಯಿರಿ. 150 ಲೀಟರು ನೀರೆಂದರೆ 150 ಕಿಲೋಗ್ರಾಂ ಎಂಬುದನ್ನು ಮರೆಯದಿರಿ. ಮೂಕಿಭಾರ, ಜನ, ಸರಕುಗಳನ್ನು ಕೂಡಿಸಿರಿ. ಅನಂತರ ಅಂಗಡಿಗೆ ಹೋಗಿ, ಕೊಳ್ಳಲಿರುವ ಆ ಟ್ರಕ್ಕಿನ ಬಾಗಿಲನ್ನೇ ತೆರೆದು ಚೀಟಿಯನ್ನು ಓದಿರಿ. ಏಕೆಂದರೆ ಜೋಡಿಸಿದ ಸಲಕರಣೆಗಳಿಗೆ ತಕ್ಕಂತೆ ಒಂದೇ ಮಾದರಿಯ ಎರಡು ಟ್ರಕ್ಕುಗಳಲ್ಲಿಯೂ ಆ ಅಂಕಿ ಬೇರೆಯಾಗಿರಬಹುದು.

ತಯಾರಕರಿಗೂ ಒಂದು ಮಾತು: ಎಳೆಯುವ ಅಂಕಿಯನ್ನು ಅಚ್ಚುಹಾಕಿಸುವ ದಪ್ಪಕ್ಷರಗಳಲ್ಲಿಯೇ ಹೊರುವ ಅಂಕಿಯನ್ನೂ ಅದರ ಪಕ್ಕದಲ್ಲಿ ಅಚ್ಚುಹಾಕಿಸುವುದು ನ್ಯಾಯ. ಹೆದ್ದಾರಿಯಲ್ಲಿ ಟ್ರೇಲರು ಉರುಳಿದರೆ ನೋವುಣ್ಣುವವರು ಅದನ್ನು ಕೊಂಡವರಷ್ಟೇ ಅಲ್ಲ. ಎದುರಿನಿಂದ ಬರುತ್ತಿದ್ದ, ಆ ಲೆಕ್ಕದಲ್ಲಿ ಯಾವ ಪಾಲೂ ಇಲ್ಲದ ಅಪರಿಚಿತರೂ ಹೌದು. ಶಾಲೆಯಲ್ಲಿ ಕಲಿತ ಕೂಡುವ ಲೆಕ್ಕ ಮತ್ತು ಸನ್ನೆಗೋಲಿನ ನಿಯಮ, ಇವೆರಡೇ ಅಂತಹ ಅನಾಹುತವನ್ನು ತಡೆಯಲು ನೆರವಾಗುವುದಾದರೆ, ಹೊರಡುವ ಮುನ್ನ ಅರ್ಧ ಗಂಟೆ ಕುಳಿತು ಲೆಕ್ಕ ಹಾಕದಿರಲು ನಮಗೆ ಯಾವ ನೆಪವೂ ಇಲ್ಲ.