ನಮಗೆ ಬೇಕಿರುವುದು ಆ ಕೆಳಗಿನ ತಂತಿ



ಗಾಯನ ವೃಂದಕ್ಕೆ ಆರು ತಂತಿಯ ಬೇಸ್ ಗಿಟಾರ್ ಬೇಕು ಎಂದು ನಾವು ಕೇಳಿದಾಗಿನಿಂದ ಬರುತ್ತಿರುವುದು ಒಂದೇ ಉತ್ತರ: "ಪೂಜೆಗೆ ನಾಲ್ಕು ತಂತಿ ಸಾಲದೇನ್ರಪ್ಪಾ? ಇದೆಲ್ಲ ಬರೀ ಶೋ." ದುಡ್ಡು ಎಲ್ಲರದ್ದು, ಪ್ರಶ್ನೆ ಕೇಳುವ ಹಕ್ಕೂ ಎಲ್ಲರದ್ದು. ಆದರೆ 'ಶೋ' ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

ಜನರೆಲ್ಲ ಸೇರಿ ಹಾಡುವ ಎಷ್ಟೋ ಗೀತೆಗಳನ್ನು ನಾವು ಡಿ ಅಥವಾ ಸಿ ಶ್ರುತಿಗೆ ಇಳಿಸುತ್ತೇವೆ. ಹಿಂದಿನ ಬೆಂಚಿನ ಅಜ್ಜಿಯ ಗಂಟಲಿಗೂ ಎಟುಕಬೇಕಲ್ಲ. ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ಸ್ವರ ಇ, ಸುಮಾರು 41 ಹರ್ಟ್ಸ್. ಅದಕ್ಕಿಂತ ಕೆಳಗಿನ ಡಿ (36.7), ಸಿ (32.7) ಅದರಲ್ಲಿ ಇಲ್ಲವೇ ಇಲ್ಲ. ಹಾಡು ಷಡ್ಜಕ್ಕೆ ಬಂದು ಕೂರುವ ಹೊತ್ತಿಗೆ ಬೇಸ್ ಮಾತ್ರ ಒಂದು ಸ್ಥಾಯಿ ಮೇಲಕ್ಕೆ ಜಿಗಿಯುತ್ತದೆ. ಇ ತಂತಿಯನ್ನೇ ಡಿಗೆ ಸಡಿಲಿಸಬಹುದು ಎನ್ನುವವರಿದ್ದಾರೆ. ಸರಿ, ಮುಂದಿನ ಹಾಡು ಸಿ ಆದರೆ? ಕಾಣಿಕೆ ಗೀತೆಯ ನಡುವೆ ಶ್ರುತಿ ತಿರುಗಿಸುತ್ತಾ ನಿಲ್ಲೋಣವೇ?

ಅಷ್ಟು ತಗ್ಗಿನ ಸದ್ದು ದೇವಾಲಯಕ್ಕೆ ಒಗ್ಗದು ಎಂಬ ವಾದವಂತೂ ಇನ್ನೂ ವಿಚಿತ್ರ. ಚರ್ಚ್ ಆರ್ಗನ್ನಿನ ಹದಿನಾರು ಅಡಿ ಕೊಳವೆ ಕೊಡುವುದು ಅದೇ 32.7 ಹರ್ಟ್ಸ್‌ನ ಸಿ. ಗಿಟಾರ್ ಹುಟ್ಟುವ ಮೊದಲೇ ಆ ಸ್ವರ ಚರ್ಚಿನೊಳಗಿತ್ತು.

ಇನ್ನು ಆಡಂಬರದ ಮಾತು. ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಬೇಸ್‌ಗೆ ನಾಲ್ಕು ತಂತಿ ಬಂದದ್ದು ಡಬಲ್ ಬೇಸ್‌ನ ಮಾದರಿಯಿಂದ. ಇದು ಗಿಟಾರ್ ಕುಟುಂಬದ ವಾದ್ಯ, ಹಾಗಿದ್ದರೆ ಆರು ಏಕಿರಬಾರದು ಎಂದು ಕೇಳಿದವರು ಆಂಟನಿ ಜಾಕ್ಸನ್. ಅವರಿಗಾಗಿ ಕಾರ್ಲ್ ಥಾಂಪ್ಸನ್ 1975ರಲ್ಲಿ ಆರು ತಂತಿಯದ್ದನ್ನು ಮಾಡಿಕೊಟ್ಟರು. ಜಾಕ್ಸನ್ ಅದನ್ನು ಕುರ್ಚಿಯ ಮೇಲೆ ಕೂತು ನುಡಿಸುತ್ತಿದ್ದರು. ಶೋ ಮಾಡುವವರು ಕೂರುತ್ತಾರೆಯೇ?

ಐದು ತಂತಿಯಲ್ಲೂ ಆ ಬಿ ಇರುತ್ತದೆ, ಅದು ಸಾಕು ಎಂದರೆ ನಾವು ಜಗಳಕ್ಕೆ ಬರುವುದಿಲ್ಲ. ಮೇಲಿನ ಸಿ ತಂತಿ ಮನೆ ಪ್ರಾರ್ಥನೆಯಲ್ಲಿ ಕೀಬೋರ್ಡ್ ಇಲ್ಲದಾಗ ಉಪಯೋಗಕ್ಕೆ ಬರುತ್ತದೆ. ಭಾನುವಾರ ಅದರಲ್ಲಿ ಸೋಲೋ ಹೊಡೆಯುವವರಿದ್ದರೆ ಮೊದಲು ತಡೆಯುವವರು ನಾವೇ.

ನಾವು ಒಪ್ಪದ ಇನ್ನೊಂದು ಗುಂಪು ಇದೆ: ತಂತಿ ಎಣಿಸಿ, ಬಣ್ಣ ನೋಡಿ, ಆನ್‌ಲೈನಿನಲ್ಲಿ ತರಿಸಿಬಿಡೋಣ ಎನ್ನುವ ನಮ್ಮ ಗೆಳೆಯರು. ಹೊಸೂರಿನಿಂದ ಬೆಂಗಳೂರು ಎಷ್ಟು ದೂರ? ಹೋಗಿ ಕೈಯಲ್ಲಿ ಹಿಡಿಯಿರಿ. ಬಿ ತಂತಿಯ ಐದನೇ ಮನೆಯಲ್ಲಿ ಬರುವುದೂ ಬಿಟ್ಟ ಇ ತಂತಿಯೂ ಒಂದೇ ಸ್ವರ. ಎರಡನ್ನೂ ಒಂದಾದ ಮೇಲೊಂದು ಮೀಟಿ. ಬಿ ಮಂಕಾಗಿ, ಸಡಿಲ ಹಗ್ಗದಂತೆ ಕೇಳಿದರೆ ಕೆಳಗಿಡಿ. 34 ಇಂಚಿನ ಜೊತೆಗೆ 35 ಇಂಚು ಸ್ಕೇಲ್‌ನದ್ದನ್ನೂ ನುಡಿಸಿ ನೋಡಿ, ಬಿಗಿ ಹೆಚ್ಚಿರುತ್ತದೆ. ಹನ್ನೆರಡನೇ ಮನೆಯಲ್ಲಿ ಶ್ರುತಿ ತಪ್ಪುತ್ತದೆಯೇ ನೋಡಿ. ಪಟ್ಟಿ ಹಾಕಿಕೊಂಡು ಅರ್ಧ ಗಂಟೆ ನಿಲ್ಲಿ. ಅಂಗಡಿಯವರು ಗೊಣಗಿದರೆ ಗೊಣಗಲಿ.

ನುಡಿಸುವವರಿಗೂ ಒಂದು ಷರತ್ತು. ಮೀಟದ ತಂತಿಗಳು ತಾವಾಗಿಯೇ ಗುಂಯ್ ಎನ್ನುತ್ತವೆ, ನಮ್ಮ ಎತ್ತರದ ಛಾವಣಿ ಅದನ್ನು ಇನ್ನಷ್ಟು ಮಾಡುತ್ತದೆ. ಹೆಬ್ಬೆರಳಿನಿಂದ ಕೆಳಗಿನ ತಂತಿಗಳನ್ನು ಒತ್ತಿ ಮೌನವಾಗಿಡುವುದನ್ನು ಕಲಿಯುವವರೆಗೆ ಪೂಜೆಯಲ್ಲಿ ಅದನ್ನು ಮುಟ್ಟುವಂತಿಲ್ಲ.

ಸ್ಪೀಕರಿನ ಮಾತನ್ನೂ ಈಗಲೇ ಆಡಿಬಿಡೋಣ. ಕೀಬೋರ್ಡಿಗೆ ಇಟ್ಟಿರುವ ಆ ಚಿಕ್ಕ ಡಬ್ಬಿಯಲ್ಲಿ 33 ಹರ್ಟ್ಸ್ ಹೊರಡುವುದಿಲ್ಲ, ಬರೀ ನಡುಗುತ್ತದೆ. ಬೇಸ್‌ಗೆ ಒಪ್ಪುವ ಸ್ಪೀಕರಿಗೂ ಸೇರಿಸಿ ಲೆಕ್ಕ ಹಾಕದಿದ್ದರೆ ಈ ವರ್ಷ ಬೇಸ್ ಕೊಳ್ಳುವುದೇ ಬೇಡ.