ಸೂತ್ರಧಾರನ ಆಯ್ಕೆ

ಸೂತ್ರಧಾರನೆಂದರೆ ನಾಟಕವನ್ನು ನಡೆಯಿಸುವವನೆಂದು ವಾಚಕರೆಲ್ಲರೂ ಬಲ್ಲರು. ಸಂಸ್ಕೃತದಲ್ಲಿ ಆ ಶಬ್ದಕ್ಕೆ ಬಡಗಿಯೆಂಬ ಅರ್ಥವೂ ಉಂಟು. ಅಳತೆಯ ನೂಲನ್ನು ಹಿಡಿದವನು ಎಂದು ಅದರ ವ್ಯುತ್ಪತ್ತಿ. ಈ ಎರಡು ಅರ್ಥಗಳೂ ಒಂದೇ ಕಡೆಯಲ್ಲಿ ಕೂಡಿದುದನ್ನು ನೋಡುವ ಪ್ರಸಂಗವು ನಮಗೆ ಈ ಮಳೆಗಾಲದಲ್ಲಿ ನಮ್ಮ ಉಳವಿಯಲ್ಲಿಯೇ ಒದಗಿತು.

ನಮ್ಮ ಹಳೆಯ ಶಿಷ್ಯನೊಬ್ಬನು ಬಡಗಿಯ ಮನೆತನದವನು. ಗಣಕದ ಅಪ್ಪಣೆಯಂತೆ ಮರವನ್ನು ಕೊರೆಯುವ ಯಂತ್ರವೊಂದನ್ನು ಅವನು ಸ್ವಂತ ಕೈಯಿಂದ ಕಟ್ಟಿರುವನು. ಎಡಬಲಕ್ಕೊಂದು, ಹಿಂದುಮುಂದಕ್ಕೊಂದು, ಮೇಲುಕೆಳಗಿಗೊಂದು ಹೀಗೆ ಮೂರು ಮೋಟಾರುಗಳು. ನಡುವೆ ಗಿರ್ರನೆ ತಿರುಗುವ ಉಳಿ. ಈ ಬಗೆಯ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆಗಳನ್ನಿಡುವುದು. ಇಡೆಂದರೆ ಇಡುವುದೇ ಹೊರತು, ಇಟ್ಟೆನೆಂದು ತಿರುಗಿ ಹೇಳುವ ಬಾಯಿ ಅದಕ್ಕಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಅವನ ಅಜ್ಜನು ನೆಟ್ಟ ಹಲಸಿನ ಮರವು ಕೆಲವು ವರ್ಷಗಳ ಹಿಂದೆ ಗಾಳಿಗೆ ಬಿದ್ದಾಗ ಎರಡು ಅಗಲವಾದ ಹಲಗೆಗಳು ದೊರೆತಿದ್ದವು. ತಂದೆಯವರು ಕಣ್ಣು ಮಂಜಾಗಿ ಉಳಿಯನ್ನು ಕೆಳಗಿಟ್ಟವರು. ದೇವರ ಮಂಟಪಕ್ಕೆಂದು ಅವರು ಹಿಂದೆ ಬರೆದಿಟ್ಟ ಕಮಲಬಳ್ಳಿಯ ಚಿತ್ರವನ್ನು ಮಗನು ಗಣಕಕ್ಕೇರಿಸಿ, ಮೊದಲನೆಯ ಹಲಗೆಯ ಮೇಲೆ ಕೊರೆಯತೊಡಗಿದನು. ಮುಕ್ಕಾಲು ಕೆಲಸವಾಗಿತ್ತು. ಕಾಡಿನಲ್ಲೆಲ್ಲಿಯೋ ತಂತಿಯ ಮೇಲೆ ಕೊಂಬೆ ಬಿದ್ದಿರಬೇಕು. ವಿದ್ಯುತ್ತು ಹತ್ತು ಉಸಿರಿನಷ್ಟು ಹೊತ್ತು ಹೋಗಿ ಮರಳಿ ಬಂದಿತು. (ಕಾಳೀ ನದಿಯು ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ನಾಡಿಗೆ ವಿದ್ಯುತ್ತನ್ನು ಹುಟ್ಟಿಸಿ ಕೊಡುವಳು, ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಯು ನಮ್ಮ ಜೋಯಿಡಾ ತಾಲೂಕಿಗೆ ಬಹಳ ಒಪ್ಪುವುದು.) ಯಂತ್ರವು ಮತ್ತೆ ಚಲಿಸಿತು. ಆದರೆ ಉಳಿದ ದಳಗಳು ಹೆಬ್ಬೆರಳಿನಗಲ ಪಕ್ಕಕ್ಕೆ ಸರಿದು, ಮೊದಲು ಕೊರೆದ ಬಳ್ಳಿಯ ಮೇಲೆಯೇ ಹಾಯ್ದುಹೋದವು. ತಂದೆಯವರು ಹಲಗೆಯ ಮೇಲೆ ಕೈಯಾಡಿಸಿ, ಏನನ್ನೂ ಅನ್ನದೆ ಒಳಗೆ ಹೋದರು.

ಮರುದಿನ ಶಿಷ್ಯನು ನಮ್ಮಲ್ಲಿಗೆ ಬಂದು, "ಗುರುಗಳೇ, ಈ ತಂತ್ರಾಂಶ ಕೆಲಸದ್ದಲ್ಲ, ಬೇರೆಯದನ್ನು ಆರಿಸಬೇಕು," ಎಂದನು. ನಾವು ಗಣಕವನ್ನು ಬಲ್ಲವರಲ್ಲ. ಆದರೆ ಅರ್ಥವಾಗದ ಗ್ರಂಥವನ್ನು ಕುಳಿತು ಬಿಡಿಸುವ ಅಭ್ಯಾಸ ನಮಗುಂಟು. ನಾಲ್ಕು ಸಂಜೆ ಇಬ್ಬರೂ ಕೂಡಿ ಓದಿದೆವು.

ಅವನು ಬಳಸುತ್ತಿದ್ದುದು ಜಿ.ಆರ್.ಬಿ.ಎಲ್. ಎಂಬುದು. ನಾರ್ವೆ ದೇಶದ ಸಿಮೆನ್ ಸ್ಕೊಗ್ಸ್ರುದ್ ಎಂಬವರು 2009ರಲ್ಲಿ ಬರೆದು ಲೋಕಕ್ಕೆ ಮುಕ್ತವಾಗಿ ಬಿಟ್ಟುದು. ಅಂಗೈಯಗಲದ ಆರ್ಡುಯಿನೋ ಫಲಕದಲ್ಲಿ, ಬರಿಯ 32 ಕಿಲೋಬೈಟುಗಳ ಜಾಗದಲ್ಲಿ ಅದು ಹಿಡಿಸುವುದು. ಲ್ಯಾಪ್‌ಟಾಪು ಸಾಲುಸಾಲಾಗಿ ಅಪ್ಪಣೆಗಳನ್ನು ಕಳುಹಿದರೆ, ತಾಳ ಹಾಕಿ ಹೆಜ್ಜೆ ಇಡಿಸುವ ಕೆಲಸವೆಲ್ಲ ಫಲಕದ್ದೇ. ಎರಡನೆಯದು ಲಿನಕ್ಸ್‌ಸಿಎನ್‌ಸಿ, ಅಮೇರಿಕದ ಸರಕಾರೀ ಮಾನಕ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಹುಟ್ಟಿದುದು, ಬಹು ಸಮರ್ಥವಾದುದು. ಆದರೆ ಬೇರೆ ಫಲಕದ ನೆರವಿಲ್ಲದೆ ಅದನ್ನು ನಡೆಯಿಸಿದರೆ ತಾಳವನ್ನು ಗಣಕವೇ ಹಿಡಿಯಬೇಕು. ತಪ್ಪು ಇಪ್ಪತ್ತು ಮೈಕ್ರೋಸೆಕೆಂಡುಗಳೊಳಗೆ ಇದ್ದರೆ ಉತ್ತಮ. ಲ್ಯಾಪ್‌ಟಾಪುಗಳು ಸಾಮಾನ್ಯವಾಗಿ ಈ ಪರೀಕ್ಷೆಯಲ್ಲಿ ಸೋಲುವವು. ಹಳೆಯ ಮೇಜುಗಣಕವೂ ಪ್ಯಾರಲಲ್ ಪೋರ್ಟೂ ಬೇಕು. ಮೂರನೆಯದಾದ ಮ್ಯಾಕ್3 ವಿಂಡೋಸಿನದು, ದುಡ್ಡಿನದು. ಅದರ ಮಾತನ್ನು ಅಲ್ಲಿಗೇ ಬಿಟ್ಟೆವು.

ಇಷ್ಟಾದ ಮೇಲೆ ಹಲಗೆಯೇಕೆ ಕೆಟ್ಟಿತೆಂದು ಕೇಳಿದೆವು. ಉತ್ತರವು ತಂತಿಗಳಲ್ಲಿ ದೊರೆಯಿತು. ಮೋಟಾರುಗಳಿಗೆ ಅನ್ನ ಗೋಡೆಯ ವಿದ್ಯುತ್ತಿನಿಂದ. ಫಲಕಕ್ಕೆ ಅನ್ನ ಲ್ಯಾಪ್‌ಟಾಪಿನ ಬ್ಯಾಟರಿಯಿಂದ. ವಿದ್ಯುತ್ತು ಹೋದಾಗ ಮೋಟಾರುಗಳು ನಿಂತವು, ಫಲಕವು ಮಾತ್ರ ಎಚ್ಚರವಾಗಿದ್ದು ಹೆಜ್ಜೆಗಳನ್ನೆಣಿಸುತ್ತಲೇ ಇದ್ದಿತು. ಉಳಿಯು ಎಲ್ಲಿದೆಯೆಂದು ಅದು ನಂಬಿತ್ತೋ ಅಲ್ಲಿ ಉಳಿಯಿರಲಿಲ್ಲ. ಯಾವ ತಂತ್ರಾಂಶವನ್ನು ತಂದರೂ, ಕುರುಡನಿಗೆ ಸುದ್ದಿ ಮುಟ್ಟಿಸುವವರಿಲ್ಲದಿದ್ದರೆ ಇದೇ ಗತಿ.

ಶಿಷ್ಯನು ಬೈದ ತಂತ್ರಾಂಶವನ್ನೇ ಉಳಿಸಿಕೊಂಡನು. ಮೋಟಾರಿನ ವಿದ್ಯುತ್ತಿಗೆ ಒಂದು ರಿಲೇ ಕಟ್ಟಿ, ಅದನ್ನು ಫಲಕದ ರೀಸೆಟ್ ಕೊಂಡಿಗೆ ಸೇರಿಸಿದನು. ಈಗ ಚಲನೆಯ ನಡುವೆ ವಿದ್ಯುತ್ತು ಹೋದರೆ ಫಲಕವು ತಾನಾಗಿಯೇ ಬೀಗ ಹಾಕಿಕೊಂಡು, ಸ್ಥಾನ ತಪ್ಪಿರಬಹುದೆಂದು ಕೂಗುವುದು. ಮೂಲೆಗಳಲ್ಲಿಟ್ಟ ಸ್ವಿಚ್ಚುಗಳನ್ನು ಮುಟ್ಟಿ ಬಂದರೆ ಸ್ಥಾನವು ಮತ್ತೆ ನಿಶ್ಚಯವಾಗುವುದು. ಕೆಲಸದ ಆರಂಭಬಿಂದುವು ಫಲಕದ ಶಾಶ್ವತ ಸ್ಮೃತಿಯಲ್ಲಿ ಇದ್ದೇ ಇರುವುದು.

ಆಮೇಲೆ ಉಳಿದುದು ನಡುವಿನಿಂದ ಪುನಃ ಆರಂಭಿಸುವುದು ಹೇಗೆಂಬ ಪ್ರಶ್ನೆ. ಇಲ್ಲಿ ನಮ್ಮ ವ್ಯಾಕರಣವು ಉಪಯೋಗಕ್ಕೆ ಬಂದಿತೆಂದು ಹೇಳಿಕೊಳ್ಳಲು ಸಂಕೋಚಪಡೆವು. ಯಂತ್ರಕ್ಕೆ ಕಳುಹುವ ಜಿ-ಕೋಡಿನಲ್ಲಿ "ಜಿ 1" ಎಂದು ಒಮ್ಮೆ ಬರೆದರೆ "ಕೊರೆಯುತ್ತ ಸಾಗು" ಎಂದರ್ಥ. ಮುಂದಿನ ನೂರಾರು ಸಾಲುಗಳಲ್ಲಿ ಬರಿಯ ಸ್ಥಾನಗಳಿರುವವು, ಕ್ರಿಯಾಪದವಿಲ್ಲ. ಪಾಣಿನಿಯ ಸೂತ್ರಗಳಲ್ಲಿ ಹಿಂದಿನ ಪದವು ಮುಂದಿನ ಸೂತ್ರಕ್ಕೆ ಹರಿದುಬರುವ ಅನುವೃತ್ತಿಯೇ ಇದು! ಸೂತ್ರವನ್ನು ನಡುವೆ ಕಿತ್ತು ಓದಿದ ವಿದ್ಯಾರ್ಥಿಯು ಹುಸಿಯರ್ಥ ಮಾಡುವನು. ಯಂತ್ರವು ಮಾಡುವುದು ಅದಕ್ಕಿಂತ ಘೋರ: ರೀಸೆಟ್ ಆದೊಡನೆ ಅದು "ಜಿ 0"ಕ್ಕೆ, ಎಂದರೆ "ಕೊರೆಯದೆ ಪೂರ್ಣ ವೇಗದಿಂದ ಓಡು" ಎಂಬ ಮೂಲಸ್ಥಿತಿಗೆ ಮರಳಿರುವುದು. ನಡುವಿನ ಸಾಲೊಂದನ್ನು ಹಾಗೆಯೇ ಕೊಟ್ಟರೆ ಉಳಿಯು, ತಿರುಗದೆಯೇ, ಮರವನ್ನು ಸೀಳಿಕೊಂಡು ಓಡೀತು.

ಆದಕಾರಣ ಲ್ಯಾಪ್‌ಟಾಪಿನಿಂದ ಸಾಲುಗಳನ್ನು ಕಳುಹುವ ತಂತ್ರಾಂಶವನ್ನು ಮಾತ್ರ ಬದಲಿಸಿದೆವು. ಯೂನಿವರ್ಸಲ್ ಜಿ-ಕೋಡ್ ಸೆಂಡರ್ ಎಂಬುದು, ಇಂಥ ಸಾಲಿನಿಂದ ಆರಂಭಿಸೆಂದರೆ, ಹಿಂದಿನ ಸಾಲುಗಳನ್ನೋದಿ ಅನುವೃತ್ತಿಯ ಪದಗಳನ್ನು ಮೊದಲು ಹೇಳಿ, ಬಳಿಕ ಮುಂದುವರಿಯುವುದು. ಅದೂ ಮುಕ್ತವಾದುದೇ, ಒಮ್ಮೆ ತಂದಿಟ್ಟರೆ ನಮ್ಮ ಕಾಡಿನಲ್ಲಿ ಜಾಲಸಂಪರ್ಕವಿಲ್ಲದ ದಿನವೂ ನಡೆಯುವುದು. ಮೊದಲು ಗಾಳಿಯಲ್ಲಿಯೂ, ಆಮೇಲೆ ಸೌದೆಯ ತುಂಡಿನ ಮೇಲೆಯೂ ಹತ್ತಾರು ಸಲ ಬೇಕೆಂದೇ ಸ್ವಿಚ್ಚು ಆರಿಸಿ ನೋಡಿದೆವು.

ಕಳೆದ ವಾರ ಎರಡನೆಯ ಹಲಗೆಯನ್ನೇರಿಸಿದಾಗ ಎರಡು ಸಲ ವಿದ್ಯುತ್ತು ಹೋಯಿತು. ಎರಡು ಸಲವೂ ಯಂತ್ರವು ಬೀಗ ಹಾಕಿಕೊಂಡು ನಿಂತಿತು. ಕೊರೆದು ಮುಗಿದ ಮೇಲೆ ತಂದೆಯವರು ಬಳ್ಳಿಯುದ್ದಕ್ಕೂ ಬೆರಳಾಡಿಸಿ, ಕೂಡಿಸಿದ ಜಾಗ ಎಲ್ಲಿಯೆಂದು ಮಗನನ್ನೇ ಕೇಳಿದರು. ಕೆಟ್ಟ ಹಲಗೆಯನ್ನು ಬಿಸುಡಲು ಅವರು ಬಿಟ್ಟಿಲ್ಲ. ಬೋರಲು ಹಾಕಿ ಜಗುಲಿಯಲ್ಲಿ ಮಣೆಯಾಗಿಟ್ಟಿರುವರು. ನಾವು ಹೋದರೆ ಅದರ ಮೇಲೆಯೇ ಕುಳ್ಳಿರಿಸುವರು.