ಎದುರಾಳಿಯ ಅಂಗಳದ ಮರಗಳು

ಶರದೃತು ಕಾಲಿಟ್ಟಿತೆಂದರೆ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಶನಿವಾರವು ಕಾಲೇಜು ಫುಟ್‌ಬಾಲಿಗೆ ಮೀಸಲು. ಇದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ತೋಳಿನಲ್ಲಿ ಅವಚಿಕೊಂಡು, ಶಿರಸ್ತ್ರಾಣ ಧರಿಸಿದ ಹನ್ನೊಂದು ಮಂದಿ ಮತ್ತೆ ಹನ್ನೊಂದು ಮಂದಿಯ ಗೋಡೆಯನ್ನು ಭೇದಿಸಿಕೊಂಡು ಮುನ್ನಡೆಯುವ ಆಟ. ಆಡುವವರು ವಿದ್ಯಾರ್ಥಿಗಳು; ನೋಡುವವರು ಕೆಲವು ಕ್ರೀಡಾಂಗಣಗಳಲ್ಲಿ ಒಂದು ಲಕ್ಷದಷ್ಟು ಮಂದಿ. ತಾನು ಓದಿದ ವಿದ್ಯಾಲಯದ, ಅಥವಾ ತಾನು ಹುಟ್ಟಿದ ನಾಡಿನ ತಂಡದ ಮೇಲೆ ಅಲ್ಲಿನವರಿಗಿರುವ ಮಮತೆ ತಂದೆಯಿಂದ ಮಗನಿಗೆ ಆಸ್ತಿಯಂತೆ ಇಳಿದುಬರುತ್ತದೆ.

ಧರ್ಮಗುರುಗಳಾದವರಿಗೆ ಈ ವಿಷಯದ ಗೊಡವೆ ಏಕೆಂದು ಹುಬ್ಬೇರಿಸುವ ಓದುಗರೂ ಇರಬಹುದು. ಕಾರಣವಿದೆ. ನಮ್ಮ ಕರಾವಳಿಯಿಂದಲೂ ಬೆಂಗಳೂರಿನಿಂದಲೂ ಹೊರಟ ಎಷ್ಟೋ ಕಥೋಲಿಕ ಕುಟುಂಬಗಳ ಮಕ್ಕಳು ಇಂದು ಆ ವಿಶ್ವವಿದ್ಯಾನಿಲಯಗಳಲ್ಲಿ ಓದುತ್ತಿದ್ದಾರೆ. ಅವರು ಪಾಠದೊಡನೆ ಅಲ್ಲಿನ ಅಭಿಮಾನವನ್ನೂ ಕಲಿಯುತ್ತಾರೆ. ಆ ಅಭಿಮಾನ ಎಂಥದಾಗಿರಬೇಕೆಂಬ ಪ್ರಶ್ನೆ ಆಟದ ಅಂಕಣಕ್ಕೆ ಮಾತ್ರ ಸೇರಿದ್ದಲ್ಲ. ಅಲ್ಲದೆ, ಈ ಕಥೆಯ ಒಂದು ಅಧ್ಯಾಯದಲ್ಲಿ ನಮ್ಮ ಸಮುದಾಯದ ಹೆಸರೇ ಅಷ್ಟೇನೂ ಗೌರವವಿಲ್ಲದ ರೀತಿಯಲ್ಲಿ ಬಳಕೆಯಾಗಿದೆ. ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಅಲಬಾಮ ರಾಜ್ಯದ ವಿಚಾರ. ಅಮೆರಿಕದ ದಕ್ಷಿಣದ ಈ ರಾಜ್ಯದಲ್ಲಿ ಪ್ರಮುಖ ವೃತ್ತಿಪರ ಫುಟ್‌ಬಾಲ್ ತಂಡವಿಲ್ಲ. ಇರುವುದು ಎರಡು ವಿಶ್ವವಿದ್ಯಾನಿಲಯಗಳ ತಂಡಗಳು: ಟಸ್ಕಲೂಸ ಪಟ್ಟಣದ ಅಲಬಾಮ, ಸುಮಾರು 250 ಕಿಲೋಮೀಟರು ದೂರದ ಆಬರ್ನ್. ಇವು ಮೊದಲು ಸೆಣಸಿದ್ದು 1893ರಲ್ಲಿ. 1907ರ ಪಂದ್ಯದ ಅನಂತರ ಆಟಗಾರರ ಖರ್ಚುವೆಚ್ಚ, ತೀರ್ಪುಗಾರನ ಆಯ್ಕೆ ಮುಂತಾದ ಅಲ್ಪ ವಿಷಯಗಳಿಗೆ ಮನಸ್ತಾಪ ಹುಟ್ಟಿ, ಒಂದೇ ರಾಜ್ಯದ ಈ ಎರಡು ವಿದ್ಯಾಲಯಗಳು 41 ವರ್ಷ ಒಂದರ ಎದುರು ಇನ್ನೊಂದು ಆಡಲೇ ಇಲ್ಲ! 1948ರಲ್ಲಿ ಮತ್ತೆ ಆಡಲು ಒಪ್ಪಿದಾಗ, ಎರಡೂ ಕಡೆಯ ವಿದ್ಯಾರ್ಥಿ ನಾಯಕರು ಬರ್ಮಿಂಗ್‌ಹ್ಯಾಮ್ ನಗರದ ಉದ್ಯಾನವನವೊಂದರಲ್ಲಿ ಕೊಡಲಿಯೊಂದನ್ನು ಮಣ್ಣಿನಲ್ಲಿ ಹೂಳಿದರು. ಆ ದೇಶದ ನುಡಿಗಟ್ಟಿನಲ್ಲಿ ಕೊಡಲಿ ಹೂಳುವುದೆಂದರೆ ವೈರ ಮುಗಿಸುವುದು. ಪಂದ್ಯವನ್ನು ಅಲಬಾಮ 55–0 ಅಂತರದಲ್ಲಿ ಗೆದ್ದಿತು. ಕೊಡಲಿ ಎಷ್ಟು ಆಳದಲ್ಲಿತ್ತೋ ತಿಳಿಯದು, ವೈರವಂತೂ ಮಣ್ಣಾಗಲಿಲ್ಲ.

ಇವೆರಡರ ವಾರ್ಷಿಕ ಪಂದ್ಯವನ್ನು, ಬರ್ಮಿಂಗ್‌ಹ್ಯಾಮಿನ ಕಬ್ಬಿಣದ ಉದ್ಯಮದ ನೆನಪಿನಲ್ಲಿ, ಐರನ್ ಬೌಲ್ ಎನ್ನುತ್ತಾರೆ. ನವೆಂಬರಿನ ಕೃತಜ್ಞತಾ ಹಬ್ಬದ ವಾರಾಂತ್ಯದಲ್ಲಿ ಅದು ಸಾಮಾನ್ಯವಾಗಿ ನಡೆಯುತ್ತದೆ. ಪತಿ ಒಂದು ಪಕ್ಷ, ಪತ್ನಿ ಇನ್ನೊಂದು ಪಕ್ಷವಾಗಿರುವ ಮನೆಗಳು ಆ ರಾಜ್ಯದಲ್ಲಿ ಸಾಕಷ್ಟಿವೆ. ಅಂಥವರು ತಮ್ಮ ಕಾರಿನ ಮೇಲೆ ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು ಬಣ್ಣದ ಫಲಕ ಹಾಕಿಕೊಂಡು ‘ಒಡೆದ ಮನೆ’ ಎಂದು ಬರೆಸಿಕೊಳ್ಳುವುದುಂಟು. ಒಡೆದ ಮನೆ ನಿಲ್ಲಲಾರದೆಂಬ ಪ್ರಭುವಿನ ಮಾತನ್ನೇ ಹೀಗೆ ವಿನೋದಕ್ಕೆ ತಿರುಗಿಸಿರುವುದನ್ನು ಕಂಡು ನಾವು ಮುನಿಯುವುದಿಲ್ಲ. ಆ ಮನೆಗಳು ನಿಂತೇ ಇವೆಯಲ್ಲ.

2010ರ ನವೆಂಬರ್ 26ರಂದು ಟಸ್ಕಲೂಸದಲ್ಲಿ ನಡೆದ ಪಂದ್ಯದಲ್ಲಿ ಅಲಬಾಮ 24–0 ಮುಂದಿದ್ದಿತು. ಅಲ್ಲಿಂದ ಮೇಲೆದ್ದ ಆಬರ್ನ್ 28–27ರಿಂದ ಗೆದ್ದು, ಮುಂದಿನ ಜನವರಿಯಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನೂ ಪಡೆಯಿತು. ಅಲಬಾಮದ ಅಭಿಮಾನಿಯಾದ ನಿವೃತ್ತ ಪೊಲೀಸನೊಬ್ಬನಿಗೆ ಈ ಸೋಲು ಸಹನೆಯಾಗಲಿಲ್ಲ. ಆಬರ್ನ್ ಪಟ್ಟಣದ ಟೂಮರ್ಸ್ ಮೂಲೆಯಲ್ಲಿ ಎರಡು ಹಳೆಯ ಓಕ್ ವೃಕ್ಷಗಳಿದ್ದವು. ತಂಡ ಗೆದ್ದಾಗಲೆಲ್ಲ ಜನರು ಅಲ್ಲಿ ಕೂಡಿ, ಕಾಗದದ ಸುರುಳಿಗಳನ್ನು ಕೊಂಬೆಗಳಿಗೆ ಎಸೆದು ಮರಗಳನ್ನು ಬೆಳ್ಳಗಾಗಿಸಿ ಸಂಭ್ರಮಿಸುತ್ತಿದ್ದರು. ಈತ ಆ ಮರಗಳ ಬುಡಕ್ಕೆ ಪ್ರಬಲವಾದ ಸಸ್ಯನಾಶಕವನ್ನು ಸುರಿದ. 2011ರ ಜನವರಿಯಲ್ಲಿ ಬಾನುಲಿ ಕಾರ್ಯಕ್ರಮವೊಂದಕ್ಕೆ ದೂರವಾಣಿ ಕರೆ ಮಾಡಿ ತನ್ನ ಕೃತ್ಯವನ್ನು ತಾನೇ ಸಾರಿದ. ತಜ್ಞರು ಮಣ್ಣನ್ನು ಬಗೆದು ತೆಗೆದು ಎರಡು ವರ್ಷ ಶ್ರಮಿಸಿದರೂ ಮರಗಳು ಉಳಿಯಲಿಲ್ಲ. 2013ರ ಏಪ್ರಿಲಿನಲ್ಲಿ ಅವನ್ನು ಕಡಿದುರುಳಿಸಬೇಕಾಯಿತು. ಅದೇ ವರ್ಷ ಆತ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಸೆರೆಮನೆಯನ್ನೂ ಕಂಡ.

ಆ ಮನುಷ್ಯನು ಅಲಬಾಮ ವಿಶ್ವವಿದ್ಯಾನಿಲಯದಲ್ಲಿ ಓದಿದವನಲ್ಲ. ಆದರೂ ತನ್ನ ಮಕ್ಕಳಿಗೆ ಆ ತಂಡದ ನೆನಪಿನ ಹೆಸರುಗಳನ್ನಿಟ್ಟಿದ್ದ. ಆದುದರಿಂದ ಅವನಲ್ಲಿ ಪ್ರೀತಿಯ ಕೊರತೆಯಿತ್ತೆಂದು ಸುಲಭವಾಗಿ ಹೇಳಿಬಿಡುವಂತಿಲ್ಲ. ‘ಅತಿಯಾದ ಪ್ರೀತಿಯಿಂದ ಹಾಗೆ ಮಾಡಿದ’ ಎಂದು ಸಮಾಧಾನ ಹೇಳುವವರೂ ಇದ್ದಾರು. ಈ ಮಾತನ್ನು ನಾವು ಒಪ್ಪುವುದಿಲ್ಲ. ಪ್ರೀತಿ ಉಕ್ಕಿ ಹರಿದು ದ್ವೇಷವಾಗುತ್ತದೆ ಎಂಬುದು ಸಡಿಲವಾದ ಆಲೋಚನೆ. ಪಾತ್ರೆಯಲ್ಲಿರುವುದು ಹಾಲಾದರೆ ಉಕ್ಕುವುದೂ ಹಾಲೇ. ಅಲಬಾಮವನ್ನು ಪ್ರೀತಿಸಲು ಆಬರ್ನಿನ ಮರ ಒಣಗಬೇಕಾದ ಅಗತ್ಯ ಎಲ್ಲಿಯದು? ಅಲ್ಲಿ ಕೆಲಸ ಮಾಡಿದ್ದು ಬೇರೊಂದು ವಸ್ತು. ನಮ್ಮ ಭಾಷೆ ಇದನ್ನು ಚೆನ್ನಾಗಿ ಬಲ್ಲುದು. ಅಭಿಮಾನವೆಂಬ ಒಂದೇ ಶಬ್ದದಲ್ಲಿ ಅಕ್ಕರೆಯೂ ಇದೆ, ಆತ್ಮಗೌರವವೂ ಇದೆ, ಅಹಂಕಾರದ ವಾಸನೆಯೂ ಇದೆ. ಅದಕ್ಕಾಗಿಯೇ ಹಿರಿಯರು ದುರಭಿಮಾನವೆಂಬ ಇನ್ನೊಂದು ಶಬ್ದವನ್ನು ಕೈಗೆಟುಕುವಲ್ಲಿ ಇಟ್ಟರು.

ಆಶ್ಚರ್ಯವೆಂದರೆ, ಮರಗಳಿಗೆ ವಿಷವಿಕ್ಕಿದ ಸುದ್ದಿ ಹೊರಬಿದ್ದೊಡನೆ ಅವುಗಳ ರಕ್ಷಣೆಗಾಗಿ ಹಣ ಕೂಡಿಸಲು ಅಲಬಾಮದ ಅಭಿಮಾನಿಗಳೇ ಮುಂದಾದರು. ಯಾರೋ ಒಬ್ಬನು ತಮ್ಮ ಬಣ್ಣದ ಅಂಗಿ ತೊಟ್ಟು ಮಾಡಿದ್ದಕ್ಕೆ ತಾವು ಹೊಣೆಗಾರರಲ್ಲವೆಂದು ಕೈತೊಳೆದುಕೊಳ್ಳಬಹುದಿತ್ತು, ತೊಳೆದುಕೊಳ್ಳಲಿಲ್ಲ. ಎರಡು ತಿಂಗಳು ಕಳೆಯಿತು. 2011ರ ಏಪ್ರಿಲ್ 27ರಂದು ಭೀಕರ ಸುಂಟರಗಾಳಿಯೊಂದು ಟಸ್ಕಲೂಸ ಪಟ್ಟಣವನ್ನು ಸೀಳಿಕೊಂಡು ಹೋಯಿತು. ಆ ಒಂದೇ ಗಾಳಿಗೆ ಅರುವತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಅಂದು ರಾಜ್ಯದಾದ್ಯಂತ ಬೀಸಿದ ಗಾಳಿಗಳಿಗೆ ಸಿಕ್ಕಿ ಸತ್ತವರು 200ಕ್ಕೂ ಹೆಚ್ಚು. ವಿಶ್ವವಿದ್ಯಾನಿಲಯದ ಆರು ಮಂದಿ ವಿದ್ಯಾರ್ಥಿಗಳೂ ಅವರಲ್ಲಿದ್ದರು. ಆಗ ಆಬರ್ನಿನ ಅಭಿಮಾನಿಗಳು ‘ಟೂಮರ್ಸ್ ಫಾರ್ ಟಸ್ಕಲೂಸ’ ಎಂಬ ಹೆಸರಿನಲ್ಲಿ ಸಂಘಟಿತರಾಗಿ ನೀರು, ಆಹಾರ, ಬಟ್ಟೆಬರೆಗಳನ್ನು ಎದುರಾಳಿಯ ಊರಿಗೆ ಸಾಗಿಸಿದರು. ಹೆಸರನ್ನು ಗಮನಿಸಬೇಕು. ವಿಷವುಂಡು ಸಾಯುತ್ತಿದ್ದ ಮರಗಳ ಹೆಸರಿನಿಂದಲೇ ಆ ನೆರವು ಹೊರಟಿತು.

ಈ ಔದಾರ್ಯ ಸ್ತುತ್ಯರ್ಹ. ಆದರೂ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಎದುರಾಳಿಯು ಮನುಷ್ಯನೆಂದು ಕಾಣಿಸಲು ಅವನ ಮನೆಯ ಮಾಡು ಹಾರಿಹೋಗಬೇಕೆ? ಮಹಾವಿಪತ್ತಿನಲ್ಲಿ ಕರಗುವ ಹೃದಯ ದೊಡ್ಡದೇ. ಆದರೆ ಯಾವ ವಿಪತ್ತೂ ಇಲ್ಲದ ಸಾಧಾರಣ ಶನಿವಾರದಂದು, ತನ್ನ ತಂಡ ಒಂದು ಅಂಕದಿಂದ ಸೋತಾಗ, ಪಕ್ಕದ ಆಸನದಲ್ಲಿ ಕುಣಿಯುತ್ತಿರುವವನ ಕೈ ಕುಲುಕುವುದು ಅದಕ್ಕಿಂತ ಕಠಿಣವಾದ ಸಾಧನೆಯೆಂದು ನಮಗೆ ತೋರುತ್ತದೆ.

ಇಲ್ಲಿ ಅಮೆರಿಕದ ತತ್ತ್ವಜ್ಞಾನಿಯೊಬ್ಬನ ನೆರವನ್ನು ಪಡೆಯಬಹುದು. ಹಾರ್ವರ್ಡಿನಲ್ಲಿ ಬೋಧಿಸುತ್ತಿದ್ದ ಜೋಸಯ ರಾಯ್ಸ್ 1908ರಲ್ಲಿ ನಿಷ್ಠೆಯ ತತ್ತ್ವವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಮನುಷ್ಯನ ಬಾಳಿಗೆ ಅರ್ಥ ಬರುವುದು ತನಗಿಂತ ದೊಡ್ಡದಾದ ಒಂದು ಧ್ಯೇಯಕ್ಕೆ ನಿಷ್ಠನಾದಾಗ ಎಂಬುದು ಅವನ ಮತ. ಹಾಗಾದರೆ ಇಬ್ಬರ ನಿಷ್ಠೆಗಳು ಎದುರುಬದುರಾದಾಗ ಗತಿಯೇನು? ಅವನ ಉತ್ತರ: ನಿಷ್ಠೆಗೂ ನಿಷ್ಠೆ ಬೇಕು. ನನ್ನ ನಿಷ್ಠೆಯು ಇನ್ನೊಬ್ಬನ ನಿಷ್ಠೆಯನ್ನು ನಾಶಮಾಡಿ ಬದುಕುವಂಥದಾದರೆ, ಅದು ನಿಷ್ಠೆಯೆಂಬ ವಸ್ತುವಿಗೇ ಬಗೆದ ದ್ರೋಹ. ಆಬರ್ನಿನ ಮುದುಕನೊಬ್ಬ ಐವತ್ತು ವರ್ಷದಿಂದ ತನ್ನ ತಂಡದೊಡನೆ ಸೋತು ಗೆದ್ದು ಬಂದಿದ್ದರೆ, ಅಲಬಾಮದ ಅಭಿಮಾನಿಗೆ ಅದು ಅರ್ಥವಾಗಬೇಕು. ಬೇರೆ ಯಾರಿಗೂ ಅಷ್ಟು ಅರ್ಥವಾಗಲಾರದು. ಆ ಮುದುಕನ ಎದೆಯಲ್ಲಿರುವುದೂ ತನ್ನ ಎದೆಯಲ್ಲಿರುವುದೂ ಒಂದೇ ವಸ್ತು. ಬಣ್ಣ ಮಾತ್ರ ಬೇರೆ.

ಇದರಿಂದ ಹಾಸ್ಯ, ಕೀಟಲೆ, ಅಬ್ಬರಗಳನ್ನೆಲ್ಲ ಬಿಟ್ಟು ಅಭಿಮಾನಿಗಳು ಮಠದ ಮೌನ ಪಾಲಿಸಬೇಕೆಂದು ನಾವು ಹೇಳುತ್ತಿಲ್ಲ. ಸಂತ ತೋಮಸ್ ಅಕ್ವಿನಾಸರು ಆಟವಿನೋದಗಳಲ್ಲಿಯೂ ಒಂದು ಸದ್ಗುಣವನ್ನು ಗುರುತಿಸಿದವರು; ವಿನೋದವನ್ನು ಪೂರ್ತಿ ತೊರೆದು ಇತರರಿಗೆ ಹೊರೆಯಾಗುವವನೂ ತಪ್ಪಿತಸ್ಥನೇ ಎಂದವರು. ಆದರೆ ಆಟದ ಸುಖವನ್ನು ಅಸಭ್ಯವಾದ ಅಥವಾ ಹಾನಿಕರವಾದ ನಡೆನುಡಿಗಳಲ್ಲಿ ಹುಡುಕಬಾರದೆಂಬ ಎಚ್ಚರಿಕೆಯನ್ನೂ ಅವರು ಕೊಟ್ಟಿದ್ದಾರೆ. ಕೀಟಲೆಗೆ ಗುರಿಯಾದವನೂ ನಗುವಂತಿದ್ದರೆ ಅದು ವಿನೋದ. ನಮ್ಮ ಕಡೆಯವರು ಮಾತ್ರ ನಗುವಂತಿದ್ದರೆ ಅದಕ್ಕೆ ಬೇರೆ ಹೆಸರಿದೆ.

ಇನ್ನು ನಮ್ಮ ಸಮುದಾಯದ ವಿಷಯ. ಇಂಡಿಯಾನ ರಾಜ್ಯದ ನಾಟರ್ ಡೇಮ್ ವಿಶ್ವವಿದ್ಯಾನಿಲಯವನ್ನು 1842ರಲ್ಲಿ ಸ್ಥಾಪಿಸಿದವರು ಪವಿತ್ರ ಶಿಲುಬೆಯ ಸಭೆಯ ಗುರುಗಳು. ಕಥೋಲಿಕರನ್ನು ಪರಕೀಯರಂತೆ ಕಾಣುತ್ತಿದ್ದ ದೇಶದಲ್ಲಿ ಐರ್ಲೆಂಡ್, ಇಟಲಿ, ಪೋಲೆಂಡುಗಳಿಂದ ಬಂದ ಬಡ ವಲಸಿಗರು ಈ ತಂಡದ ಗೆಲುವಿನಲ್ಲಿ ತಲೆಯೆತ್ತಿ ನಡೆಯಲು ಕಲಿತರು. 1924ರಲ್ಲಿ ಕಥೋಲಿಕ ವಿರೋಧಿಯಾದ ಕೂ ಕ್ಲಕ್ಸ್ ಕ್ಲಾನ್ ಸಂಘದವರು ಸೌತ್ ಬೆಂಡ್ ಪಟ್ಟಣದಲ್ಲಿ ಸೇರಿದಾಗ ನಾಟರ್ ಡೇಮಿನ ವಿದ್ಯಾರ್ಥಿಗಳು ಬೀದಿಗಿಳಿದು ಅವರನ್ನು ಎದುರಿಸಿದ ಘಟನೆಯೂ ಚರಿತ್ರೆಯಲ್ಲಿದೆ. ನಿಂದೆಯ ಕಹಿಯನ್ನು ಇಷ್ಟು ಬಲ್ಲ ಸಂಸ್ಥೆ ಮತ್ತೊಂದಿರಲಾರದು.

ಅಂಥ ಆವರಣದಲ್ಲಿ, 1988ರ ಅಕ್ಟೋಬರ್ 15ರಂದು ಮಯಾಮಿ ತಂಡ ಆಡಲು ಬಂದಾಗ, ‘ಕಥೋಲಿಕರು ಮತ್ತು ಕೈದಿಗಳು’ ಎಂಬರ್ಥದ ಬರಹವುಳ್ಳ ಅಂಗಿಗಳನ್ನು ವಿದ್ಯಾರ್ಥಿಗಳು ಅಚ್ಚು ಹಾಕಿಸಿ ಮಾರಿದರು. ಮಯಾಮಿಯ ಕೆಲವು ಆಟಗಾರರು ಕಾನೂನಿನ ತೊಡಕಿಗೆ ಸಿಕ್ಕಿದ್ದುದು ನಿಜ. 1985ರಲ್ಲಿ ಅವರು 58–7ರಿಂದ ಸೋಲಿಸಿದ್ದು ನಾಟರ್ ಡೇಮಿನವರ ಎದೆಯಲ್ಲಿ ಕುದಿಯುತ್ತಿದ್ದುದೂ ನಿಜ. ಆದರೆ ಮಯಾಮಿಯ ಆಟಗಾರರಲ್ಲಿ ಹಲವರು ಕಪ್ಪು ಜನಾಂಗದ ಬಡ ಮನೆಗಳ ಯುವಕರಾಗಿದ್ದರು. ನಾಟರ್ ಡೇಮಿನ ತಂಡದಲ್ಲಿಯೂ ಕಥೋಲಿಕರಲ್ಲದವರು ಸಾಕಷ್ಟು ಮಂದಿ ಇದ್ದರು. ಪ್ರಭುವಿನ ಎರಡು ಮಗ್ಗುಲಲ್ಲಿಯೂ ಶಿಲುಬೆಗೇರಿದ್ದವರು ಯಾರೆಂಬುದನ್ನು ಆ ಅಂಗಿ ತೊಟ್ಟ ಹುಡುಗರಿಗೆ ಯಾರೂ ನೆನಪಿಸಲಿಲ್ಲವೆ? ಆಟ ಆರಂಭವಾಗುವ ಮುನ್ನವೇ ಎರಡು ತಂಡಗಳು ಹೊಡೆದಾಡಿಕೊಂಡವು. ನಾಟರ್ ಡೇಮ್ 31–30ರಿಂದ ಗೆದ್ದಿತು. ಆ ವರ್ಷ ರಾಷ್ಟ್ರೀಯ ಪ್ರಶಸ್ತಿಯೂ ಅದಕ್ಕೇ. ಹಗೆತನ ಮಿತಿಮೀರಿ 1990ರ ಅನಂತರ ಆ ವಾರ್ಷಿಕ ಪಂದ್ಯವೇ ನಿಂತುಹೋಯಿತು. ಆ ಅಂಗಿಯನ್ನು ಇಂದಿಗೂ ಜಾಣ್ಮೆಯ ಮಾತಾಗಿ ನೆನೆಯುವವರಿದ್ದಾರೆ. ನಮಗಂತೂ ಅದು ಹಾಸ್ಯವಾಗಿ ಕಾಣಿಸುವುದಿಲ್ಲ. ‘ಕಥೋಲಿಕ’ ಎಂದರೆ ಎಲ್ಲರನ್ನೂ ಒಳಗೊಂಡದ್ದು ಎಂದರ್ಥ. ಆ ಶಬ್ದವನ್ನೇ ಹೊರಗಿಡುವ ಬೇಲಿಯಾಗಿ ನೆಟ್ಟದ್ದು ತಂಡದ ಸೋಲುಗೆಲುವಿಗಿಂತ ದೊಡ್ಡ ನಷ್ಟ.

ಸ್ಪರ್ಧೆಯನ್ನು ಸೂಚಿಸುವ ಲತೀನ್ ಕ್ರಿಯಾಪದಕ್ಕೆ ಮೂಲದಲ್ಲಿ ‘ಜೊತೆಯಾಗಿ ಅರಸುವುದು’ ಎಂಬ ಅರ್ಥವಿದೆ. ಎದುರಾಳಿಯಿಲ್ಲದೆ ಆಟವಿಲ್ಲ. ಅವನು ಬಲಿಷ್ಠನಾದಷ್ಟೂ ನಮ್ಮ ಗೆಲುವಿಗೆ ಬೆಲೆ. ಭೂಸೇನೆ ಮತ್ತು ನೌಕಾಸೇನೆಗಳ ತರಬೇತಿ ವಿದ್ಯಾಲಯಗಳು 1890ರಿಂದ ಸೆಣಸುತ್ತಿವೆ. ಅವರ ಪಂದ್ಯ ಮುಗಿದಾಗ ಎರಡೂ ತಂಡಗಳು ಒಟ್ಟಾಗಿ ಮೊದಲು ಸೋತವರ ವಿದ್ಯಾರ್ಥಿಗಳ ಮುಂದೆ ನಿಂತು ಅವರ ವಿದ್ಯಾಲಯದ ಗೀತೆಗೆ ಗೌರವ ಸಲ್ಲಿಸುತ್ತವೆ. ಅನಂತರವೇ ಗೆದ್ದವರ ಗೀತೆ. ಅಯೋವ ವಿಶ್ವವಿದ್ಯಾನಿಲಯದ ಕ್ರೀಡಾಂಗಣದ ಮಗ್ಗುಲಲ್ಲಿ ಮಕ್ಕಳ ಆಸ್ಪತ್ರೆಯಿದೆ. 2017ರಿಂದ, ಪಂದ್ಯದ ಮೊದಲ ಕಾಲುಭಾಗ ಮುಗಿದೊಡನೆ ಸುಮಾರು 70 ಸಾವಿರ ಮಂದಿ ಅತ್ತ ತಿರುಗಿ, ಕಿಟಕಿಗಳಲ್ಲಿ ನಿಂತ ರೋಗಿ ಮಕ್ಕಳಿಗೆ ಕೈಬೀಸುತ್ತಾರೆ. ಪರಸ್ಥಳದಿಂದ ಬಂದ ತಂಡವೂ ಅದರ ಅಭಿಮಾನಿಗಳೂ ಜೊತೆಗೂಡುತ್ತಾರೆ.

ಅಮೆರಿಕದಲ್ಲಿರುವ ಮಕ್ಕಳು ಭಾನುವಾರ ದೂರವಾಣಿಯಲ್ಲಿ ಮಾತನಾಡುವಾಗ ‘ನಮ್ಮವರು ಗೆದ್ದರು’ ಎನ್ನುತ್ತಾರಂತೆ. ಸಂತೋಷ. ಸೋತವರು ಹೇಗೆ ಆಡಿದರೆಂದೂ ತಂದೆತಾಯಿಗಳು ಕೇಳಲಿ. ಉತ್ತರ ಗೊತ್ತಿಲ್ಲದ ಮಗ ಪಂದ್ಯದ ಅರ್ಧವನ್ನು ಮಾತ್ರ ನೋಡಿದ್ದಾನೆ. ಎದುರು ಪಕ್ಷದ ಅಂಗಿ ತೊಟ್ಟ ಸಹಪಾಠಿಯ ಹೆಸರನ್ನೂ ಕೇಳಿದರೆ ತಪ್ಪೇನಿಲ್ಲ.

ನಾಟರ್ ಡೇಮಿಗೇ ಸೇರಿದ ಇನ್ನೊಂದು ಸಂಗತಿ ಉಳಿದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುವಕರೆಲ್ಲ ಸೈನ್ಯಕ್ಕೆ ಹೋಗಿ ವಿಶ್ವವಿದ್ಯಾನಿಲಯ ಬರಿದಾಗತೊಡಗಿದಾಗ, ನೌಕಾಸೇನೆಯು ತನ್ನ ಅಧಿಕಾರಿಗಳ ತರಬೇತಿಯನ್ನು ಅಲ್ಲಿ ನಡೆಸಿ ಆ ಸಂಸ್ಥೆಯನ್ನು ಆರ್ಥಿಕವಾಗಿ ಕಾಪಾಡಿತು. ನಾಟರ್ ಡೇಮ್ ಅದನ್ನು ಮರೆಯಲಿಲ್ಲ. 1927ರಿಂದ ನಡೆದುಬಂದ ನೌಕಾ ವಿದ್ಯಾಲಯದೊಡನೆಯ ಪಂದ್ಯವನ್ನು, ಆ ವಿದ್ಯಾಲಯ ಬಯಸುವವರೆಗೂ ಮುಂದುವರಿಸುವುದಾಗಿ ಒಪ್ಪಿಕೊಂಡಿತು. ನೌಕಾ ವಿದ್ಯಾಲಯ 1964ರಿಂದ 2006ರವರೆಗೆ ಸತತವಾಗಿ 43 ಬಾರಿ ಸೋತಿತು. ಆದರೂ ಬರುವುದನ್ನು ಬಿಡಲಿಲ್ಲ, ಇವರು ಕರೆಯುವುದನ್ನೂ ಬಿಡಲಿಲ್ಲ. ಪಂದ್ಯದ ಕೊನೆಗೆ ಎರಡೂ ತಂಡಗಳು ಒಟ್ಟಿಗೆ ನಿಂತು ಪರಸ್ಪರರ ವಿದ್ಯಾಲಯ ಗೀತೆಗಳನ್ನು ಗೌರವಿಸುವ ರೂಢಿಯೂ ಈಚಿನ ದಶಕಗಳಲ್ಲಿ ಬೆಳೆದಿದೆ. 2007ರ ನವೆಂಬರ್ 3ರಂದು ಸೌತ್ ಬೆಂಡಿನಲ್ಲಿ, ಮೂರು ಬಾರಿ ಹೆಚ್ಚುವರಿ ಆಟ ನಡೆದ ಬಳಿಕ, ನೌಕಾ ವಿದ್ಯಾಲಯ 46–44ರಿಂದ ಗೆದ್ದಿತು. ಮರುವರ್ಷ ಬಾಲ್ಟಿಮೋರಿನಲ್ಲಿ ಮತ್ತೆ ಆಡಿದರು. ನಾಟರ್ ಡೇಮ್ 27–21ರಿಂದ ಗೆದ್ದಿತು.